ಸಾಹುಕಾರರ ಮುಖಮುದ್ರೆ

ಇಳಕಲ್ಲಿನ ಪೇಟೆಯಲ್ಲಿ ಸೀರೆಯ ವ್ಯಾಪಾರ ಮಾಡುವ ಸಾಹುಕಾರರನ್ನು ನೀವು ಕಣ್ಣಾರೆ ಕಂಡಿರದಿದ್ದರೂ ಚೆನ್ನಾಗಿ ಬಲ್ಲಿರಿ. ಏಕೆಂದರೆ ಅವರು ಒಬ್ಬರಲ್ಲ. ಹುನಗುಂದದಲ್ಲಿ ಅವರು ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ ಕುಳಿತಿರುತ್ತಾರೆ, ಬಾದಾಮಿಯಲ್ಲಿ ಹೊಲದ ಬದುವಿನ ಮೇಲೆ ಕೈಕಟ್ಟಿ ನಿಂತಿರುತ್ತಾರೆ, ಬಾಗಲಕೋಟೆಯಲ್ಲಿ ಅಡತಿ ಅಂಗಡಿಯ ತಕ್ಕಡಿಯ ಮಗ್ಗುಲಲ್ಲಿ ಮೀಸೆ ತಿರುವುತ್ತಿರುತ್ತಾರೆ. ಉದ್ಯೋಗ ಬೇರೆ ಬೇರೆಯಾದರೂ ಲಕ್ಷಣವೊಂದೇ: ಐವತ್ತರ ಮೇಲೊಂದೆರಡು ವರ್ಷದ ವಯಸ್ಸು, ತುಂಬಿದ ಮೀಸೆ, ಹಣೆಗೆ ಮೂರೆಳೆಯ ವಿಭೂತಿ, ಅದಕ್ಕೂ ಮೇಲೆ ಕಿರೀಟಸ್ಥಾನದಲ್ಲಿ ಮಡಿಕೆ ತಪ್ಪದಂತೆ ಸುತ್ತಿದ ಗುಲಾಬಿ ಬಣ್ಣದ ಪಟಕಾ. ಇಂತಹ ಮಹಾನುಭಾವರು ಪ್ರಾಯದ ದಿನಗಳಿಂದ ಜೀಪು ಓಡಿಸುತ್ತ ಬಂದಿದ್ದರೂ ಲೈಸೆನ್ಸೆಂಬ ಪದಾರ್ಥದ ಅವಶ್ಯಕತೆಯನ್ನು ಎಂದೂ ಕಾಣದೆ ಇದ್ದುದಕ್ಕೆ ಕಾರಣವು ಕಾನೂನಿನ ಮೇಲಿನ ಅನಾದರವೆಂದು ಯಾರೂ ಭಾವಿಸಬಾರದು, "ನಮ್ಮ ಗುರ್ತ ಯಾರಿಗಿಲ್ಲ?" ಎಂಬ ಸಹಜವೂ ನಿಷ್ಕಪಟವೂ ಬಹುಮಟ್ಟಿಗೆ ಸತ್ಯವೂ ಆದ ವಿಶ್ವಾಸವೇ ಅದರ ಮೂಲ.

ಈ ವಿಶ್ವಾಸಕ್ಕೆ ಮೊದಲ ಬಿರುಕು ಬಿದ್ದದ್ದು 2019ರಲ್ಲಿ. 1988ರ ಮೋಟಾರು ವಾಹನ ಕಾಯಿದೆಗೆ ಆ ವರ್ಷ ತಿದ್ದುಪಡಿಯಾಗಿ, ಲೈಸೆನ್ಸಿಲ್ಲದೆ ಗಾಡಿ ಓಡಿಸಿದವರ ಮೇಲೆ ಅದುವರೆಗೆ ಗರಿಷ್ಠ 500 ರೂಪಾಯಿಯಿದ್ದ ದಂಡವು 5000ಕ್ಕೆ ನೆಗೆಯಿತು. ನಮ್ಮ ರಾಜ್ಯ ಸರ್ಕಾರವು ಜನರ ಗೋಳಿಗೆ ಕಿವಿಗೊಟ್ಟು ಕೆಲವು ದಂಡಗಳನ್ನು ಬಳಿಕ ತಗ್ಗಿಸಿತಾದರೂ, ಏರಿದ ಸುದ್ದಿ ಓಡುವ ವೇಗದಲ್ಲಿ ಇಳಿದ ಸುದ್ದಿ ಓಡುವುದಿಲ್ಲವಷ್ಟೆ. ಸಾಹುಕಾರರ ಮಗ ಬಾಗಲಕೋಟೆಯಲ್ಲಿ ಕಾಲೇಜು ಓದುವವನು. ಹದಿನೆಂಟು ತುಂಬಿದೊಡನೆ ತನ್ನ ಲೈಸೆನ್ಸು ಮಾಡಿಸಿಕೊಂಡು, ಅದರ ಬಲದಿಂದ ತಂದೆಗೂ ಕಾನೂನು ಹೇಳುವ ಅಧಿಕಾರವನ್ನು ಪಡೆದುಕೊಂಡಿದ್ದ ಆ ಕುಮಾರನು, ಆಧಾರದ ಮೂಲಕ ಅರ್ಜಿ ಹಾಕಿದರೆ ಕಲಿಕಾ ಲೈಸೆನ್ಸಿಗಾಗಿ ಕಚೇರಿಯ ಮೆಟ್ಟಿಲು ಹತ್ತಬೇಕಾದ್ದಿಲ್ಲವೆಂದೂ, ಮನೆಯಲ್ಲಿಯೇ ಕುಳಿತು ಪರೀಕ್ಷೆ ಕೊಡಬಹುದೆಂದೂ, ಫೋಟೋ ಕೂಡ ಆಧಾರದಲ್ಲಿದ್ದುದೇ ತಾನಾಗಿ ಬಂದು ಕೂಡುತ್ತದೆಂದೂ ವಿನಯಪೂರ್ವಕವಾಗಿ ಅರಿಕೆ ಮಾಡಿದನು. ಎಲ್ಲವನ್ನೂ ತಲೆದೂಗಿ ಕೇಳುತ್ತಿದ್ದ ಸಾಹುಕಾರರು ಕಡೆಯ ಮಾತಿಗೆ ತಟ್ಟನೆ ತಲೆ ಎತ್ತಿ, "ಆ ಮಾರೀನಾ?" ಎಂದರು.

ಆ ಮಾರಿ, ಅಂದರೆ ಆ ಮುಖ, ಎಂಥದೆಂಬುದನ್ನು ಓದುಗರು ಊಹಿಸಬಲ್ಲರು. 2010ರಲ್ಲಿ ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲಾದ ಆಧಾರದ ವಿತರಣೆಯು ಕಾಲಾಂತರದಲ್ಲಿ ನಮ್ಮ ಊರಿನ ಶಾಲೆಯ ಕೋಣೆಗೂ ಬಂದು ತಲುಪಿದಾಗ, ಸಾಲಿನಲ್ಲಿ ಬೆಳಗಿನಿಂದ ನಿಂತು ಬಳಲಿದ ಮನುಷ್ಯನನ್ನು ಮಕ್ಕಳ ಬೆಂಚಿನ ಮೇಲೆ ಕೂಡಿಸಿ, ಒಂದು ಪಕ್ಕದ ಕಿಟಕಿಯ ಬೆಳಕಿನಲ್ಲಿ, ಆತನು ಬಾಯಿ ತೆರೆದು "ಈಗೇನ್ರಿ?" ಎಂದು ಕೇಳುತ್ತಿರುವ ಕ್ಷಣವನ್ನೇ ಆರಿಸಿ ಹಿಡಿದ ಚಿತ್ರವದು. ಕೋಟ್ಯಂತರ ಭಾರತೀಯರು ಆ ಚಿತ್ರಗಳಲ್ಲಿ ಸಮಾನತೆಯನ್ನು ಪಡೆದಿರುವುದು ನಿಜ. ಆದರೆ ಸಾಹುಕಾರರು ಸಮಾನತೆಗಾಗಿ ಅರ್ಜಿ ಹಾಕಿರಲಿಲ್ಲ. ಸುಲಭದ ದಾರಿಯನ್ನು ಬಿಟ್ಟು, ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುವ ದೂರದ ದಾರಿಯನ್ನು ಅವರು ಸ್ವಸಂತೋಷದಿಂದ ಹಿಡಿದದ್ದು ಒಂದು ಒಪ್ಪುವ ಭಾವಚಿತ್ರಕ್ಕಾಗಿ ಮಾತ್ರ.

ಭಾವಚಿತ್ರದ ವಿಷಯದಲ್ಲಿ ಅವರಿಗೆ ವಂಶಪಾರಂಪರ್ಯವಾಗಿ ಬಂದ ಸಿದ್ಧಾಂತವೊಂದುಂಟು. ಅದರ ಮೂಲಗ್ರಂಥವು ಅವರ ಮನೆಯ ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿರುವ ಅಜ್ಜನವರ ಚಿತ್ರ: ಕೈಯುಳ್ಳ ಕುರ್ಚಿ, ಮಗ್ಗುಲಲ್ಲಿ ಮೇಜು, ಮೇಜಿನ ಮೇಲೊಂದು ಗಡಿಯಾರ, ಮಣಿಕಟ್ಟಿನಲ್ಲಿ ಇನ್ನೊಂದು ಗಡಿಯಾರ, ಓದಬಾರದಿದ್ದರೂ ಬೆರಳಿಟ್ಟು ಹಿಡಿದ ಪುಸ್ತಕ, ಹಿಂಗಡೆ ಪರದೆಯ ಮೇಲೆ ಬರೆದ ಅರಮನೆಯ ಸೋಪಾನ, ಕಾಲಲ್ಲಿ ಹೊಸ ಜೋಡು, ಕಪ್ಪು ಬಿಳುಪಿನ ಆ ಪಟದಲ್ಲಿ ಪಟಕದ ಜರಿಗೆ ಮಾತ್ರ ಆಮೇಲೆ ಕೈಯಿಂದ ಬಂಗಾರದ ಬಣ್ಣ ತುಂಬಲಾಗಿದೆ. ಫೋಟೋವೆಂದರೆ ಜೋಡಿನಿಂದ ಪಟಕದವರೆಗೆ ಪೂರ್ಣವಾದ ಮನುಷ್ಯನಿರಬೇಕು. ಎದೆಯ ಮಟ್ಟಕ್ಕೆ ಕತ್ತರಿಸಿದ ಚಿತ್ರವು ಸತ್ತವರಿಗೆ ಮೀಸಲು, ಅದಕ್ಕೆ ಹಾರ ಹಾಕಿ ಕೆಳಗೆ ಎರಡು ತಾರೀಖು ಬರೆಸುವುದು ಪದ್ಧತಿ, ಎಂಬುದು ಆ ಮನೆತನದ ನಂಬುಗೆ. ಆದ್ದರಿಂದ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕೆಂದು ಮಗನು ಹೇಳಿದಾಗ ಅವರ ಮುಖದಲ್ಲಿ ಕ್ಷಣಮಾತ್ರ ಒಂದು ಅಮಂಗಳದ ಶಂಕೆ ಸುಳಿದುಹೋದುದು ಸ್ವಾಭಾವಿಕವೇ.

ಸ್ಟುಡಿಯೋದವನು ಊರ ಹುಡುಗ. ಸಾಹುಕಾರರ ಮನೆಯ ಮದುವೆ ಮುಂಜಿಗಳ ಚಿತ್ರಗಳೆಲ್ಲ ಅವನ ತಂದೆಯ ಕಾಲದಿಂದಲೂ ಅಲ್ಲಿಯೇ ತೆಗೆದವು. ಗೋಡೆಗೆ ಹೊಡೆದ ಬಿಳಿಯ ಅರಿವೆ, ಅದರ ಮುಂದೊಂದು ಗುಂಡು ಸ್ಟೂಲು, ಎರಡು ಕೊಡೆ-ದೀಪ, ಮೂಲೆಯ ಕನ್ನಡಿಯ ಕೆಳಗೆ ದಾರ ಕಟ್ಟಿದ ಬಾಚಣಿಗೆ ಮತ್ತು ಪೌಡರಿನ ಡಬ್ಬಿ. "ಗದ್ದ ಒಂದೀಟ ಎತ್ರಿ ಸಾವ್ಕಾರ್ರ... ಅಷ್ಟಲ್ರಿ, ಮ್ಯಾಲ ನೋಡಿದಂಗಾತು... ಎಡಗಡೆ ಭುಜ ಇಳಿಸ್ರಿ... ಉಸರ ಬಿಡ್ರಿ" ಎಂದು ಅವನು ಹೇಳುತ್ತ ಹೋದಂತೆ, ಅದುವರೆಗೆ ಸಹಜವಾಗಿಯೇ ಇದ್ದ ಒಂದು ಮುಖವು ಕ್ರಮಕ್ರಮವಾಗಿ ಶಿಲೆಯಾಗುತ್ತ ಬಂದು, ದೀಪ ಹೊಳೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕಣ್ಣುಗಳನ್ನು ಮುಚ್ಚಿಬಿಟ್ಟಿತು. ಸಾಹುಕಾರರ ಕಣ್ಣುಗಳಿಗೂ ಕ್ಯಾಮೆರಾದ ಕಣ್ಣಿಗೂ ಇದ್ದ ಈ ಅನ್ಯೋನ್ಯತೆಯನ್ನು ಮುರಿಯುವಷ್ಟರಲ್ಲಿ ಹೊರಗೆ ಕಾದಿದ್ದ ಎಸ್‌ಎಸ್‌ಎಲ್‌ಸಿ ಹುಡುಗರು ಬೇಸತ್ತು ಚಹದ ಅಂಗಡಿಗೆ ಹೋಗಿದ್ದರು.

ಇಷ್ಟಾದ ಮೇಲೆ ವೇಷದ ಪ್ರಶ್ನೆ. ಸರ್ಕಾರಿ ಕಾಗದಕ್ಕೆ ಕೋಟು ಶೋಭಿಸುತ್ತದೆಂಬುದು ಹುಡುಗನ ಅಭಿಮತ. "ತೊಡೂದು ಬ್ಯಾಡ್ರಿ, ಕಂಪ್ಯೂಟರದಾಗ ತೊಡಸ್ತೀನಿ" ಎಂದು ಅವನು ಒಂದೆರಡು ಗುಂಡಿ ಒತ್ತುವಷ್ಟರಲ್ಲಿ ಸಾಹುಕಾರರ ತಲೆಯು ಯಾರದೋ ನೀಲಿ ಕೋಟು, ಯಾರದೋ ಕೆಂಪು ಟೈ, ಯಾರದೋ ಭುಜಗಳ ಮೇಲೆ ಬಂದು ನೆಲೆಗೊಂಡಿತು. ಇಳಕಲ್ ಸೀರೆಯನ್ನು ಬಲ್ಲವರಿಗೆ ಗೊತ್ತಿದೆ: ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಹತ್ತಿಯ ಎಳೆಗೂ ರೇಷ್ಮೆಯ ಎಳೆಗೂ ಒಂದೊಂದನ್ನೇ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಅದು ತೋಪು-ತೆನೆಯ ಸೆರಗಿನ ಸೀರೆ ಎನಿಸಿಕೊಳ್ಳುತ್ತದೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ನೇಯ್ಗೆಯ ಮರ್ಮವೆಲ್ಲ ಆ ಕೊಂಡಿಯಲ್ಲಿದೆ. ಜೀವಮಾನವೆಲ್ಲ ಕೊಂಡಿ ನೋಡಿಯೇ ಬೆಲೆ ಕಟ್ಟಿದ ಸಾಹುಕಾರರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕತ್ತು ಮತ್ತು ಕಾಲರು ಕೂಡುವ ಸ್ಥಳವನ್ನು ಬಹು ಹೊತ್ತು ಪರೀಕ್ಷಿಸಿ, "ತಮ್ಮಾ, ಒಡಲ ಒಂದ ಮಗ್ಗದ್ದು, ಸೆರಗ ಒಂದ ಮಗ್ಗದ್ದು. ಕೊಂಡಿ ಕೂಡಿಲ್ಲ" ಎಂದು ತೀರ್ಪು ಕೊಟ್ಟರು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಕೋಟು ಹೋಯಿತು, ಪಟಕಾ ಉಳಿಯಿತು. ಆದರೆ ಹುಡುಗನ ಕಲಾಭಿಮಾನ ತಣಿದಿರಲಿಲ್ಲ. ಗಿರಾಕಿಯ ಸಂತೋಷವೇ ಧರ್ಮವೆಂದು ತಿಳಿದ ಅವನು ಬಿಸಿಲಿನಲ್ಲಿ ಪಕ್ವವಾದ ಆ ಮುಖವನ್ನು ಬೆಳ್ಳಗೆ ಮಾಡಿ, ಕೆನ್ನೆಯ ಗುಳಿಗಳನ್ನು ತುಂಬಿ, ಮೀಸೆಯ ನರೆಗೆ ಮಸಿ ತೊಡೆದು, ನೆರಿಗೆಗಳನ್ನು ಇಸ್ತ್ರಿ ಮಾಡಿ, ಎಂಟು ಪ್ರತಿಗಳನ್ನು ಲಕೋಟೆಯಲ್ಲಿ ಹಾಕಿಕೊಟ್ಟನು. ಇದನ್ನು ನಾವು ಮೋಸವೆನ್ನಬಾರದು, ಪರಂಪರೆಯೆನ್ನಬೇಕು. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ಕ್ರಿ.ಶ. 634ರಲ್ಲಿ ರವಿಕೀರ್ತಿಯು ಕೆತ್ತಿಸಿದ ಶಾಸನದಲ್ಲಿ ಇಮ್ಮಡಿ ಪುಲಕೇಶಿಗೆ ಸೋಲೆಂಬುದೇ ಇಲ್ಲ. ಹರ್ಷನ ಹರ್ಷವೇ ಕಳೆದುಹೋಯಿತೆಂದು ಹೊಗಳಿದ ಆ ಕವಿ ತಾನಾದರೋ ಕಾಳಿದಾಸ ಭಾರವಿಗಳ ಕೀರ್ತಿಯನ್ನು ಪಡೆದವನೆಂದು ಕೊನೆಯಲ್ಲಿ ತನ್ನ ಚಿತ್ರವನ್ನೂ ಒಂದಿಷ್ಟು ತಿದ್ದಿಕೊಂಡಿದ್ದಾನೆ. ಚಕ್ರವರ್ತಿಗೆ ಫೋಟೋ ಇರಲಿಲ್ಲ, ರವಿಕೀರ್ತಿ ಇದ್ದ. ಇಳಕಲ್ಲಿನ ಸಾಹುಕಾರರಿಗೆ ಸ್ಟುಡಿಯೋದ ಹುಡುಗ.

ಲಕೋಟೆಯನ್ನು ಮನೆಗೆ ತಂದು ಮೊದಲು ತೋರಿಸಿದ್ದು ವೃದ್ಧ ಮಾತೆಯವರಿಗೆ. ಅವರು ಚಿತ್ರವನ್ನು ದೂರಕ್ಕೆ ಹಿಡಿದು, ಹತ್ತಿರಕ್ಕೆ ತಂದು, ಮತ್ತೆ ದೂರಕ್ಕೆ ಹಿಡಿದು, "ಇಂವ ಯಾವೂರ ವರಾನೋ ಯಪ್ಪಾ? ಚಲೋ ಅದಾನು, ವಯಸ್ಸ ಒಂದೀಟು ಹೆಚ್ಚಾತು" ಎಂದರು. ಹೆತ್ತ ತಾಯಿಯೇ ಗುರುತಿಸದ ಗುರುತಿನ ಚಿತ್ರವನ್ನು ಸರ್ಕಾರ ಹೇಗೆ ಗುರುತಿಸೀತೆಂಬ ಶಂಕೆ ಮನೆಮಂದಿಯಲ್ಲಿ ಹುಟ್ಟಿತಾದರೂ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಸಾಹುಕಾರರಿಗೆ ಮಾತ್ರ ಆ ಚಿತ್ರದಲ್ಲಿ ಒಂದೇ ಒಂದು ಕೊರತೆ ಕಂಡಿತು: ಹಿಂದೆ ಬರಿಯ ಬಿಳಿಯ ಅರಿವೆ. ಅಜ್ಜನ ಹಿಂದೆ ಅರಮನೆಯಿದ್ದಿತು. ಮೊಮ್ಮಗನ ಹಿಂದೆ ಏನೂ ಇಲ್ಲವೆಂದರೆ ಮನೆತನ ಇಳಿಯಿತೆಂದೇ ನೋಡಿದವರು ತಿಳಿಯಲಾರರೆ?

ಈ ಕಾರಣದಿಂದ, ಪುಷ್ಯಮಾಸದಲ್ಲಿ ಬನಶಂಕರಿಯ ಜಾತ್ರೆಗೆ ಹೋದಾಗ, ಹಣ್ಣುಕಾಯಿ ಮಾಡಿಸಿ, ಜಾತ್ರೆಗೆಂದು ಬಂದು ಬೀಡುಬಿಟ್ಟ ನಾಟಕ ಕಂಪನಿಗಳ ಬೋರ್ಡುಗಳನ್ನೆಲ್ಲ ಓದಿ, ಅಲ್ಲಿಂದ ಬಾದಾಮಿಗೆ ಬಂದು, ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥನ ಗುಡಿಗೆ ಬೆನ್ನುಮಾಡಿ ನಿಂತು ಇನ್ನೊಂದು ಚಿತ್ರ ತೆಗೆಸಿಕೊಂಡರು. ಬಾದಾಮಿಗೂ ಕ್ಯಾಮೆರಾಕ್ಕೂ ಹಳೆಯ ಸ್ನೇಹ. 1850ರ ದಶಕದಲ್ಲಿಯೇ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಮುಂಬಯಿ ಸರ್ಕಾರದ ಪರವಾಗಿ ಈ ಸೀಮೆಯ ಗುಡಿಗಳನ್ನು ಚಿತ್ರದಲ್ಲಿ ಹಿಡಿದಿದ್ದ. 1874ರಲ್ಲಿ ಜೇಮ್ಸ್ ಬರ್ಜೆಸ್ಸನು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪ್ರಾಚೀನಾವಶೇಷಗಳನ್ನು ಸಮೀಕ್ಷಿಸುತ್ತ ಇಲ್ಲಿಗೂ ಬಂದ. ಆ ಕಾಲದ ಕ್ಯಾಮೆರಾದ ಮುಂದೆ ಅಲುಗಾಡದೆ ಬಹಳ ಹೊತ್ತು ನಿಲ್ಲಬಲ್ಲವರು ಬೇಕಾಗಿದ್ದರು. ಆರನೆಯ ಶತಮಾನದಿಂದಲೂ ರೆಪ್ಪೆ ಮಿಟುಕಿಸದೆ ನಿಂತ ಬಾದಾಮಿಯ ದೇವತೆಗಳಿಗಿಂತ ಈ ಕೆಲಸಕ್ಕೆ ಯೋಗ್ಯರು ಬೇರೆ ಯಾರು? ಮೊದಲನೆಯ ಗುಹೆಯ ನಟರಾಜನ ಚಿತ್ರ ಅಂದೂ ಚೆನ್ನಾಗಿಯೇ ಬಂದೀತು, ಇಂದೂ ಚೆನ್ನಾಗಿಯೇ ಬರುತ್ತದೆ. ಆದರೆ ಲೈಸೆನ್ಸಿನ ಅರ್ಜಿ ಹಾಕಿದರೆ ಅವನ ಪಾಡೂ ಸುಖದ್ದಲ್ಲ: ಹದಿನೆಂಟು ಕೈಗಳಲ್ಲಿ ಸ್ಟಿಯರಿಂಗ್ ಹಿಡಿಯುವ ಕೈ ಯಾವುದು, ಹೆಬ್ಬೆಟ್ಟು ಒತ್ತುವ ಕೈ ಯಾವುದೆಂದು ಗುಮಾಸ್ತರು ಕೇಳದೆ ಬಿಡುವರೇ!

ಕೆರೆ, ಗುಡಿ, ಕೆಂಪು ಕಲ್ಲಿನ ಗುಡ್ಡಗಳೊಡನೆ ಸಾಹುಕಾರರೂ ಒಂದು ಮೂಲೆಯಲ್ಲಿ ಇದ್ದ ಆ ಚಿತ್ರವನ್ನು ಹುನಗುಂದದ ಆನ್‌ಲೈನ್ ಸೆಂಟರಿನವನ ಮುಂದಿಟ್ಟಾಗ ಅವನು ಭಕ್ತಿಯಿಂದಲೇ ನೋಡಿದ. ಆಮೇಲೆ ನಿಧಾನವಾಗಿ, "ಹಿಂದ ಗುಡಿ ಬರೂ ಹಂಗಿಲ್ರಿ. ಮತ್ತ ಫೋಟೋ ಭಾಳ ವಜ್ಜಿ ಆಗೇತಿ" ಎಂದ. ವ್ಯಾಪಾರಸ್ಥರಿಗೆ ತೂಕದ ಮಾತು ಬೇಗ ತಿಳಿಯುತ್ತದೆ.

"ಎಷ್ಟಿರಬೇಕೋ ತಮ್ಮಾ?"

"20 ಕೆಬಿ ದಾಟಬಾರದ್ರಿ. ನಿಮ್ಮದು 4 ಎಂಬಿ ಐತಿ. ಇನ್ನೂರರಾಗ ಒಂದ ಪಾಲು ಇಟ್ಟು ಉಳಿದದ್ದು ತಗೀಬೇಕಾಕ್ಕೈತಿ."

"ಉಳಿದ ನೂರಾ ತೊಂಬತ್ತೊಂಬತ್ತ ಪಾಲು ಯಾರಿಗೆ ಹೋಗತೈತಿ?"

ಈ ಪ್ರಶ್ನೆಗೆ ಗಣಕಶಾಸ್ತ್ರದಲ್ಲಿ ಇದುವರೆಗೆ ಯಾರೂ ಉತ್ತರ ಬರೆದಂತೆ ಕಾಣೆ. ಹುಡುಗನು ಗುಡಿಯನ್ನು ಕತ್ತರಿಸಿದ, ಕೆರೆಯನ್ನು ಕತ್ತರಿಸಿದ, ಚಿತ್ರವನ್ನು ಹಿಂಡಿ ಹಿಂಡಿ ಹಗುರ ಮಾಡಿದ. ಕಡೆಗೆ ಪರದೆಯ ಮೇಲೆ ಉಳಿದುದು ಒಂದು ಗುಲಾಬಿ ಚುಕ್ಕೆ, ಅದರ ಕೆಳಗೊಂದು ಕಂದು ಚುಕ್ಕೆ, ಅವೆರಡರ ನಡುವೆ ಬಿಳಿಯ ಗೆರೆಯಾಗಿ ವಿಭೂತಿ. ಎಳೆಯೆಳೆಯಾಗಿ ಎಣಿಸಬಹುದಾಗಿದ್ದ ಮೀಸೆಯು ಬೂದುಬಣ್ಣದ ಮಬ್ಬಾಗಿತ್ತು. ಎರಡು ಸುತ್ತು, ಒಂದು ಬಾಲ, ಕೆಳಗೆರಡು ಬಿಂದುಗಳೊಡನೆ ಕಾಗದದ ಅರ್ಧ ಅಗಲವನ್ನು ಆಕ್ರಮಿಸುತ್ತಿದ್ದ ಅವರ ಸಹಿಯೂ ಅದೇ ಯಂತ್ರದಲ್ಲಿ ಅದೇ ಗತಿಯನ್ನು ಕಂಡಿತು.

ಆ ದಿನ ಅವರ ಖೇದವನ್ನು ಕಂಡು, ಸಮಾಧಾನದ ರೂಪದಲ್ಲಿ ನಾನು ಸ್ವಲ್ಪ ಇತಿಹಾಸವನ್ನು ಹೇಳಿದೆ. ಮೋಟಾರು ಗಾಡಿಯನ್ನು ಕಟ್ಟಿದ ಕಾರ್ಲ್ ಬೆಂಝನಿಗೇ 1888ರಲ್ಲಿ ಜರ್ಮನಿಯ ಅಧಿಕಾರಿಗಳು ಗಾಡಿ ಓಡಿಸಲು ಕೊಟ್ಟದ್ದು ಬರವಣಿಗೆಯ ಅಪ್ಪಣೆಯೇ. ಬ್ರಿಟನ್ನಿನಲ್ಲಿ 1903ರ ಕಾಯಿದೆಯಿಂದ ಲೈಸೆನ್ಸು ಬಂದಿತು, 1935ರಲ್ಲಿ ಪರೀಕ್ಷೆ ಕಡ್ಡಾಯವಾಯಿತು, ಆದರೂ 1998ರವರೆಗೆ ಅಲ್ಲಿಯ ಲೈಸೆನ್ಸಿನ ಮೇಲೆ ಭಾವಚಿತ್ರವೇ ಇರಲಿಲ್ಲ. "ಹಂಗಾರ ಪೊಲೀಸರು ಗುರ್ತ ಹೆಂಗ ಹಿಡೀತಿದ್ರು?" ಎಂದು ಕೇಳಿದರು. ಹೆಸರು ವಿಳಾಸ ನೋಡಿ ನಂಬುತ್ತಿದ್ದರೆಂದು ಹೇಳಿದೆ. "ಮನಶ್ಯಾರ ಮಾತಿಗೆ ಬೆಲಿ ಇತ್ತು ಅನ್ರಿ" ಎಂದು ಅವರು ಆಂಗ್ಲರ ಆಳಿಕೆಯನ್ನು ಆ ಒಂದು ಕಾರಣಕ್ಕಾಗಿ ಅರ್ಧ ಕ್ಷಮಿಸಿದಂತೆ ಕಂಡಿತು.

ಇನ್ನು ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಭಾಗವನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದು ನೆಲೆಸಿದ ಆ ಪಟ್ಟಣಕ್ಕೆ ಗುರುತಿನ ಕಷ್ಟ ಹೊಸದಲ್ಲ: ಇಂಥವರ ಓಣಿ, ಇಂಥ ಗುಡಿಯ ಹಿಂದೆ, ಬೇವಿನ ಗಿಡದ ಮುಂದೆ ಎಂದರೆ ಸಾಕಾಗಿದ್ದ ವಿಳಾಸಗಳು ಅಲ್ಲಿ ಸೆಕ್ಟರ್ ಇಷ್ಟು, ಪ್ಲಾಟ್ ಇಷ್ಟು ಎಂಬ ಅಂಕೆಗಳಾದವು. 1997ರಲ್ಲಿ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯೆನಿಸಿಕೊಂಡು, ಗಾಡಿಗಳ ಹಣೆಯ ಮೇಲೆ ಕೆಎ 29 ಎಂಬ ತನ್ನದೇ ತಿಲಕವನ್ನು ಪಡೆದುಕೊಂಡ ಆ ಊರಿನ ಸಾರಿಗೆ ಕಚೇರಿಗೆ ಸಾಹುಕಾರರು ಹೊರಟ ದಿನದ ಸಂಭ್ರಮವನ್ನು ನೋಡಬೇಕಾಗಿತ್ತು: ಹೊಸ ಪಟಕಾ, ಗಂಜಿ ಹಾಕಿದ ನೆಹರು ಶರ್ಟು, ಕಿಸೆಯಲ್ಲಿ ಬಿಳಿಯ ಅರಿವೆಯ ಮುಂದಿನ ಎಂಟು ಚಿತ್ರ, ಬಾದಾಮಿಯ ನಾಲ್ಕು ಚಿತ್ರ, ನಲವತ್ತು ದಾಟಿದವರಿಗೆ ಬೇಕಾದ ವೈದ್ಯರ ಪ್ರಮಾಣಪತ್ರ, ಸಾಹೇಬರಿಗೆ ಕೊಡಲೆಂದಲ್ಲ, ದಾರಿಯಲ್ಲಿ ತಾವೇ ತಿನ್ನಲೆಂದು ಅಮೀನಗಡದ ಕರದಂಟು.

ಅಲ್ಲಿ ತಿಳಿದುಬಂದದ್ದೇನೆಂದರೆ, ಕಿಸೆಯಲ್ಲಿದ್ದ ಚಿತ್ರಗಳೊಂದೂ ಕಾರ್ಡಿಗೆ ಬೇಕಾಗಿರಲಿಲ್ಲ. ಮೇಜಿನ ಮೇಲೆ, ಗಣಕಯಂತ್ರದ ನೆತ್ತಿಯಲ್ಲಿ ಕುಳಿತಿದ್ದ ಅಡಕೆಯಷ್ಟು ದೊಡ್ಡ ಕ್ಯಾಮೆರಾ ಅಲ್ಲಿಯೇ, ಆಗಲೇ ತೆಗೆಯುವ ಚಿತ್ರವೇ ಸಿಂಧುವಾದದ್ದು. ಕುಳಿತಿದ್ದ ಹುಡುಗಿ ಬಹು ಮರ್ಯಾದೆಯಿಂದ, "ಕಾಕಾ, ಪಟಕಾ ತಗೀರಿ" ಎಂದಳು. ಕೋಣೆಯಲ್ಲಿ ಸದ್ದಡಗಿತು. ಮದುವೆಯ ಮಂಟಪದಲ್ಲಿಯೂ ಮಠದ ಸಭೆಯಲ್ಲಿಯೂ ಕಂಪನಿ ನಾಟಕದ ಮೊದಲ ಸಾಲಿನಲ್ಲಿಯೂ ಕೆಳಗಿಳಿಯದಿದ್ದ ಆ ಪಟಕಾ, ಸುತ್ತು ಕೆಡದಂತೆ ಎರಡೂ ಕೈಗಳಿಂದ ಎತ್ತಲ್ಪಟ್ಟು ಮಗನ ಕೈಗೆ ಹೋಯಿತು. "ಕನ್ನಡಕಾನೂ ತಗೀರಿ... ನಗಬ್ಯಾಡ್ರಿ..." ಎಂದು ಅವಳು ಅಂದದ್ದು ಅನಾವಶ್ಯಕವಾಗಿತ್ತು, ನಗುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಗುಂಡಿ ಒತ್ತಿದ ಸದ್ದು ಕೂಡ ಕೇಳಿಸಲಿಲ್ಲ. "ಆತ್ರಿ" ಎಂದಳು.

ಪರದೆಯ ಮೇಲೆ ಮೂಡಿದ ಆ ಮುಖವನ್ನು ಮಗನ ಭುಜದ ಮೇಲಿಂದ ಸಾಹುಕಾರರು ನೋಡಿದರು. ಪ್ರಾಯದಿಂದಲೂ ಪಟಕಾ ಸುತ್ತಿದ ತಲೆಯಲ್ಲವೆ? ಹುಬ್ಬಿನಿಂದ ನಾಲ್ಕು ಬೆರಳು ಮೇಲಿನವರೆಗೆ ಎರೆಮಣ್ಣಿನ ಬಣ್ಣ. ಅಲ್ಲಿಂದ ಮುಂದೆ, ನೂಲು ಹಿಡಿದು ಗೆರೆ ಎಳೆದ ಹಾಗೆ, ಬಿಸಿಲನ್ನೇ ಕಾಣದ ಬಿಳಿಯ ನೆತ್ತಿ. ಕರ್ನಾಟಕ ಮಹಾರಾಷ್ಟ್ರಗಳ ನಡುವೆ 1967ರಲ್ಲಿ ಮಹಾಜನ ಆಯೋಗವೂ ಇಷ್ಟು ನಿರ್ವಿವಾದವಾದ ಗಡಿರೇಖೆಯನ್ನು ಎಳೆಯಲು ಸಮರ್ಥವಾಗಲಿಲ್ಲ. ಒಂದೇ ಹಣೆಯ ಮೇಲೆ ಎರಡು ರಾಜ್ಯಗಳಿರುವುದನ್ನು ಸ್ವತಃ ಅದರ ಒಡೆಯರೂ ಅಂದೇ ಮೊದಲ ಬಾರಿ ಸರಿಯಾಗಿ ಕಂಡದ್ದು. ಏಕೆಂದರೆ ಕನ್ನಡಿಯ ಮುಂದೆ ನಿಲ್ಲುವುದೇ ಪಟಕಾ ಸುತ್ತುವುದಕ್ಕಾಗಿ, ಸುತ್ತುವಾಗ ಕಣ್ಣು ಮಡಿಕೆಯ ಮೇಲಿರುತ್ತದೆಯೇ ಹೊರತು ತಲೆಯ ಮೇಲಲ್ಲ.

ಇಲ್ಲಿ ಕಚೇರಿಯನ್ನಾಗಲಿ ಆ ಹುಡುಗಿಯನ್ನಾಗಲಿ ದೂರುವುದು ನ್ಯಾಯವಲ್ಲ. ಊರು ನಮ್ಮನ್ನು ಗುರುತಿಸುವ ಕ್ರಮ ಕೂಡಿಸುವ ಲೆಕ್ಕದ್ದು: ಇಂಥವರ ಮಗ, ಇಂಥ ಓಣಿಯವನು, ಇಂಥ ಬಣ್ಣದ ಪಟಕಾ, ಇಂಥ ಕೆಮ್ಮು, ಜೀಪಿನ ಇಂಥ ಹಾರ್ನು, ಕತ್ತಲೆಯಲ್ಲಿಯೂ ಬೆನ್ನ ಹಿಂದಿನಿಂದಲೂ ಹೆಜ್ಜೆಯ ಸಪ್ಪಳದಿಂದಲೂ ಅದು ನಮ್ಮನ್ನು ಹಿಡಿಯಬಲ್ಲದು, ಮುಖ ನೋಡುವುದಕ್ಕೆ ಬರುವುದು ಎಲ್ಲ ಆದ ಮೇಲೆ. ಸರ್ಕಾರದ್ದಾದರೋ ಕಳೆಯುವ ಲೆಕ್ಕ: ಪಟಕಾ ಕಳೆ, ಕನ್ನಡಕ ಕಳೆ, ನಗು ಕಳೆ, ಹಿಂದಿನ ಗುಡಿ ಕಳೆ, ಇಷ್ಟೆಲ್ಲ ಕಳೆದ ಮೇಲೆ ಯಾವುದು ಉಳಿಯುತ್ತದೆಯೋ ಅದು ನೀನು. ಸಾಹುಕಾರರನ್ನು ಅರಿಯದ ಒಬ್ಬ ಪೊಲೀಸಿನವನು ಬೀದರಿನಲ್ಲಿಯೋ ಬಳ್ಳಾರಿಯಲ್ಲಿಯೋ ನಿಂತು ಅವರನ್ನು ಅವರೇ ಎಂದು ತಿಳಿಯಬೇಕಾದರೆ ಬೇರೆ ಮಾರ್ಗವಿಲ್ಲ. ಪಟಕಾ ಯಾರೂ ಸುತ್ತಬಹುದು, ಆ ಎರಡು ಬಣ್ಣದ ತಲೆ ಮಾತ್ರ ಇನ್ನೊಬ್ಬರಿಗೆ ಸಾಲ ಸಿಕ್ಕುವಂಥದಲ್ಲ. ಲೈಸೆನ್ಸಿನ ಫೋಟೋವನ್ನು ಯಾರೂ ಮೆಚ್ಚದಿರುವುದರ ಗುಟ್ಟು ಇದೇ ಇರಬೇಕು: ಅದು ನಮ್ಮನ್ನು ಬಲ್ಲವರಿಗಾಗಿ ತೆಗೆದದ್ದಲ್ಲ. ನಾವಾದರೋ ಬಲ್ಲವರ ಕಣ್ಣಿನಿಂದ ಅದನ್ನು ನೋಡಿ ನೊಂದುಕೊಳ್ಳುತ್ತೇವೆ.

ಕಲಿಕಾ ಲೈಸೆನ್ಸು ಬಂದು 30 ದಿನ ಕಳೆದ ಮೇಲೆ ನಡೆದ ಪರೀಕ್ಷೆಯಲ್ಲಿ ಜೀಪನ್ನು ಹಿಮ್ಮುಖವಾಗಿ ತಿರುವಿ ನಿಲ್ಲಿಸಿದ ಸಾಹುಕಾರರ ಕೌಶಲವನ್ನು ನೋಡಿ ಇನ್‌ಸ್ಪೆಕ್ಟರರೇ ತಲೆದೂಗಿದರಂತೆ. ಆ ಭಾಗದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅಂಚೆಯಲ್ಲಿ ಕಾರ್ಡು ಬಂದಾಗ ಮಗನು ಅದರ ಅವಧಿಯನ್ನು ಓದಿಹೇಳಿದ: ಐವತ್ತು ದಾಟಿ ಐವತ್ತೈದು ತುಂಬದವರಿಗೆ ಅರವತ್ತರವರೆಗೆ. "ಅಷ್ಟ ದಿನ ಈ ಮಾರೀನ?" ಎಂದು ಅವರು ನಿಟ್ಟುಸಿರು ಬಿಟ್ಟರು. ಮಗನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಮೂವತ್ತರೊಳಗಿನವರ ಲೈಸೆನ್ಸು ನಲವತ್ತು ತುಂಬುವವರೆಗೆ ನಡೆಯುವುದರಿಂದ, ಮೀಸೆ ಮೂಡುವ ಮುನ್ನ ತೆಗೆದ ಮುಖವನ್ನು ಅವನು ತನ್ನ ಮಕ್ಕಳ ಶಾಲೆಯ ದಿನಗಳವರೆಗೂ ಹೊತ್ತು ತಿರುಗಬೇಕಾಗಿದೆ. ಈ ವಿಚಾರ ಹೊಳೆದ ಬಳಿಕ ತಂದೆಯವರಿಗೆ ತಕ್ಕಮಟ್ಟಿನ ಶಾಂತಿ ದೊರೆಯಿತು.

ಹುನಗುಂದಕ್ಕೂ ಇಳಕಲ್ಲಿಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 50ರ ಮೇಲೆ, ಒಂದು ದಿನ ಪೊಲೀಸರು ಗಾಡಿಗಳನ್ನು ನಿಲ್ಲಿಸುತ್ತಿದ್ದಾಗ ಕಾರ್ಡಿಗೆ ಮೊದಲ ಪರೀಕ್ಷೆ ಒದಗಿತು. ಪೊಲೀಸಪ್ಪನು ಕಾರ್ಡನ್ನು ನೋಡಿದ, ಪಟಕಾ ತೊಟ್ಟ ಸಾಹುಕಾರರನ್ನು ನೋಡಿದ, ಮತ್ತೆ ಕಾರ್ಡನ್ನು ನೋಡಿ, "ಇದ್ಯಾರದ ಲೈಸೆನ್ಸ್ರೀ, ಸಾವ್ಕಾರ್ರ?" ಎಂದು ಕೇಳಿದ. ಗುರುತಿಸಿ ಹೆಸರಿಟ್ಟು ಕರೆದ ಬಾಯಿಯಿಂದಲೇ ಗುರುತು ಕೇಳುವ ಈ ಪ್ರಶ್ನೆಗೆ ಮಾತಿನ ಉತ್ತರ ಸಾಲದೆಂದು ತಿಳಿದ ಸಾಹುಕಾರರು, ಹೆದ್ದಾರಿಯ ಮಗ್ಗುಲಲ್ಲಿ, ಸಾಲುಗಟ್ಟಿ ನಿಂತ ಗ್ರಾನೈಟಿನ ಲಾರಿಗಳ ಸಮಕ್ಷಮದಲ್ಲಿ, ಪಟಕವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಎರಡು ಬಣ್ಣದ ತಲೆ ಬಿಸಿಲಿಗೆ ಹೊಳೆಯಿತು. ಪೊಲೀಸಪ್ಪನಿಗೆ ಕಾನೂನಿನ ಸಂಶಯ ಪರಿಹಾರವಾದ ಕ್ಷಣಕ್ಕೇ ಲೋಕಾಪವಾದದ ಭಯ ಹುಟ್ಟಿತು. "ಹೌದ್ರಿ, ನೀವ ಅದೀರಿ. ಲಗೂನ ಪಟಕಾ ಇಟ್ಕೋರಿ ಯಪ್ಪಾ, ಸಾವ್ಕಾರ್ರ ಪಟಕಾ ನಾನ ತಗಿಸೀನಿ ಅಂತ ಊರಾಗ ಸುದ್ದಿ ಆದೀತು" ಎಂದು ಕಾರ್ಡನ್ನು ಎರಡೂ ಕೈಗಳಿಂದ ಹಿಂದಿರುಗಿಸಿದ.

ಆ ದಿನದಿಂದ ಸಾಹುಕಾರರ ಪಾಕೀಟಿನಲ್ಲಿ ಲೈಸೆನ್ಸಿನ ಬೆನ್ನಿಗೆ ಬಾದಾಮಿಯ ಚಿತ್ರವೂ ಸೇರಿಕೊಂಡಿದೆ. ಕೇಳಿದವರಿಗೆ ಎರಡನ್ನೂ ಜೋಡಿಯಾಗಿ ತೋರಿಸಿ, "ಇದು ಸರಕಾರದ್ದು, ಇದು ನಂದು" ಎಂದು ಬಿಡಿಸಿ ಹೇಳುತ್ತಾರೆ. ಆದರೆ ವ್ಯಾಪಾರಸ್ಥರ ದೃಷ್ಟಿ ಯಾವಾಗಲೂ ಮುಂದಿನ ಹಂಗಾಮಿನ ಮೇಲಿರುವುದರಿಂದ, ಅರವತ್ತಕ್ಕೆ ಬರುವ ನವೀಕರಣದ ಸಿದ್ಧತೆಯನ್ನು ಅವರು ಈಗಿನಿಂದಲೇ ಆರಂಭಿಸಿದ್ದಾರೆ. ಕಚೇರಿಯ ಕ್ಯಾಮೆರಾವನ್ನು ತಿದ್ದಲಾಗದು, ತಲೆಯನ್ನಾದರೂ ತಿದ್ದಬಹುದೆಂದು ನಿಶ್ಚಯಿಸಿ, ಹಣೆಯ ಗಡಿ ತಂಟೆ ತೀರುವವರೆಗೆ ದಿನವೂ ಮುಂಜಾನೆ ಮಾಳಿಗೆಯನ್ನೇರಿ ಬರಿದಲೆಯಲ್ಲಿ ಪೂರ್ವಾಭಿಮುಖವಾಗಿ ಎಳೆಬಿಸಿಲಿಗೆ ಕೂಡುತ್ತಾರೆ. ನೆರೆಹೊರೆಯವರು ಅದನ್ನು ಸೂರ್ಯೋಪಾಸನೆಯೆಂದು ತಿಳಿದು, ಈ ವಯಸ್ಸಿನಲ್ಲಿ ಎಂಥ ನಿಷ್ಠೆಯೆಂದು ತಮ್ಮ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಾರೆ. ಅವರ ತಿಳಿವಳಿಕೆಯನ್ನು ತಿದ್ದುವ ಅಗತ್ಯವನ್ನು ಸಾಹುಕಾರರೂ ಈವರೆಗೆ ಕಂಡಿಲ್ಲ.